ಭೇಟಿ ಪುಸ್ತಕದ ಒಂದು ಸಾಲು

ಪೊಲೀಸರ ಮೇಲೆ ದೂರು ಕೊಟ್ಟವರು ಅರ್ಜಿಗೆ ಸೀಲು ಬಿದ್ದ ದಿನವೇ ತಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ನಾವೂ ಹಾಗೇ ತಿಳಿದಿದ್ದೆವು. ನಿಜವಾದ ಕೆಲಸ ಶುರುವಾಗುವುದು ಅದಾಗಿ ಎಷ್ಟೋ ತಿಂಗಳ ಮೇಲೆ, ವಿಚಾರಣಾಧಿಕಾರಿ ಸಾಕ್ಷಿ ಹೇಳಲು ಕರೆಸಿದ ದಿನ. ಅಂದು ನಮ್ಮ ಕೈಯಲ್ಲಿ ಏನಿರಬೇಕು ಎನ್ನುವುದು ಮೊದಲ ಮೂರು ದಿನದಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ನಾವು ಕೆಲವು ಸರಿ ಮಾಡಿದೆವು, ಕೆಲವು ತಪ್ಪಿದೆವು. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಸಂಗತಿ ಇಷ್ಟು. ಕಲಬುರಗಿ ಜಿಲ್ಲೆಯ ಒಂದು ತಾಲೂಕಿನ ಠಾಣೆಯವರು ಬೈಕ್ ಕಳವಿನ ಅನುಮಾನದ ಮೇಲೆ ನನ್ನ ಸೋದರಳಿಯನನ್ನು ಕರೆದೊಯ್ದರು. ಎರಡು ರಾತ್ರಿ ಕೂಡಿಸಿಕೊಂಡು, ಹೊಡೆದು, ಮೂರನೆಯ ದಿನ ಬೆಳಿಗ್ಗೆ ಬಿಟ್ಟರು. ಬಂಧಿಸಿದ್ದೇವೆಂದು ಎಲ್ಲೂ ಬರೆಯಲಿಲ್ಲ, ನೋಟಿಸ್ ಕೊಡಲಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಲಿಲ್ಲ. ಇಲಾಖೆಯ ಆದೇಶ ಹೊರಬೀಳುವ ಹೊತ್ತಿಗೆ ಹದಿನಾಲ್ಕು ತಿಂಗಳಾಗಿತ್ತು.

ಮೊದಲ ಕಾಗದ ಆಸ್ಪತ್ರೆಯದು. ನಮ್ಮ ದೊಡ್ಡ ತಪ್ಪು ನಡೆದಿದ್ದೂ ಅಲ್ಲೇ. ಬಿಟ್ಟ ಕೂಡಲೇ ಹುಡುಗ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ, ಹೆದರಿಕೊಂಡು, ವೈದ್ಯರ ಮುಂದೆ ‘ಬೈಕಿನಿಂದ ಬಿದ್ದೆ’ ಎಂದುಬಿಟ್ಟ. ಓಪಿ ಚೀಟಿಯ ಮೇಲೆ ಅದೇ ಬರೆದರು. ಸಂಜೆ ನಾವು ಅವನನ್ನು ಕಲಬುರಗಿಗೆ ಕರೆತಂದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ನಲ್ಲಿ ತೋರಿಸಿ, ನಡೆದದ್ದನ್ನು ಹೇಳಿಸಿ ಎಂಎಲ್‌ಸಿ ಮಾಡಿಸಿದೆವು. ಹೀಗೆ ಒಂದೇ ದಿನದ ಎರಡು ಚೀಟಿ, ಎರಡು ಬೇರೆ ಬೇರೆ ಕಾರಣ. ಆ ಮೊದಲ ಚೀಟಿಯ ಬೆಲೆ ಏನೆಂಬುದು ನಮಗೆ ತಿಳಿದದ್ದು ಒಂದು ವರ್ಷದ ಮೇಲೆ, ಪಾಟಿ ಸವಾಲಿನ ದಿನ.

ಎಂಎಲ್‌ಸಿ ಎಂದರೆ ವೈದ್ಯರು ಗಾಯವನ್ನು ಪೊಲೀಸ್ ಪ್ರಕರಣವೆಂದು ದಾಖಲಿಸಿಕೊಳ್ಳುವುದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಎಫ್‌ಐಆರ್ ಆಗಿರಲೇಬೇಕೆಂದಿಲ್ಲ. ರೋಗಿ ಹೇಳಿದ ಕಾರಣವನ್ನು ಅವನ ಮಾತಿನಲ್ಲೇ ಬರೆಯಬೇಕು. ‘ಹಲ್ಲೆ’ ಎಂದು ಒಂದೇ ಪದ ಬರೆದು ಬಿಟ್ಟರೆ ಸಾಲದು. ಎಲ್ಲಿ, ಯಾವಾಗ, ಯಾರಿಂದ, ಯಾವುದರಿಂದ ಎನ್ನುವ ನಾಲ್ಕೂ ಬರಲಿ ಎಂದು ಸಮಾಧಾನದಿಂದ ಕೇಳಿ ಬರೆಸಬೇಕು. ಗಾಯದ ಅಳತೆ, ದೇಹದ ಯಾವ ಭಾಗ, ಬಣ್ಣ ಯಾವುದು ಎಂಬುದೂ ಬೇಕು. ಬಾವಿನ ಬಣ್ಣ ದಿನ ಕಳೆದಂತೆ ಬದಲಾಗುತ್ತದೆ. ಮೊದಲು ಕೆಂಪು, ಆಮೇಲೆ ನೀಲಿ, ನಾಲ್ಕನೆಯ ದಿನದ ಸುಮಾರಿಗೆ ಕಂದು, ಐದಾರು ದಿನಕ್ಕೆ ಹಸಿರು, ವಾರದ ಮೇಲೆ ಹಳದಿ. ಹೊಡೆತ ಯಾವ ದಿನದ್ದೆಂದು ವೈದ್ಯರು ಅಂದಾಜು ಮಾಡುವುದು ಇದರಿಂದಲೇ. ಅದಕ್ಕೇ ವಾರ ಬಿಟ್ಟು ಹೋದರೆ ಗಾಯ ಇದ್ದರೂ ಸಾಕ್ಷ್ಯ ಇರುವುದಿಲ್ಲ. ಲಾಠಿಯಂಥ ದುಂಡಗಿನ ಕೋಲಿನ ಏಟಿಗೆ ಚರ್ಮದ ಮೇಲೆ ಎರಡು ಸಮಾನಾಂತರ ಕೆಂಪು ಗೆರೆ ಏಳುತ್ತವೆ, ನಡುವಿನ ಪಟ್ಟಿ ಬಿಳುಪಾಗಿಯೇ ಉಳಿಯುತ್ತದೆ. ನಮ್ಮ ಹುಡುಗನ ಎಡತೊಡೆಯ ಹಿಂಭಾಗದಲ್ಲಿ ಅಂಥ ಮೂರು ಜೋಡಿ ಗೆರೆಗಳಿದ್ದವು. ಬೈಕಿನಿಂದ ಬಿದ್ದರೆ ಚರ್ಮ ತರಚುತ್ತದೆ, ಜೋಡಿಗೆರೆ ಮೂಡುವುದಿಲ್ಲ. ವೈದ್ಯರು ಇದನ್ನು ವಿವರವಾಗಿ ಬರೆಯಲಿಲ್ಲ, ನಾವೂ ಕೇಳಲಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ಮಾತ್ರ ತೆಗೆದೆವು. ನಾಣ್ಯ ಇದ್ದರೆ ಗಾಯದ ಅಳತೆ ತಿಳಿಯುತ್ತದೆ. ಮುಖ ಮತ್ತು ಗಾಯ ಎರಡೂ ಕಾಣುವ ಫೋಟೊ ಒಂದಾದರೂ ಇರಬೇಕು. ಇಲ್ಲದಿದ್ದರೆ ಅದು ಯಾರ ಕಾಲು ಎಂಬ ಪ್ರಶ್ನೆ ಏಳುತ್ತದೆ.

ಇನ್ನೊಂದು ಮಾತು. ಆಸ್ಪತ್ರೆಯಿಂದ ಎಂಎಲ್‌ಸಿ ಮಾಹಿತಿ ಹೋಗುವುದು ಘಟನೆ ನಡೆದ ಸರಹದ್ದಿನ ಠಾಣೆಗೆ, ಅಂದರೆ ನಾವು ಯಾರ ಮೇಲೆ ದೂರುತ್ತಿದ್ದೇವೋ ಅವರಿಗೇ. ಆ ರಾತ್ರಿಯೇ ಫೋನು ಬರುತ್ತದೆ, ಬಂತು. ಅದಕ್ಕೆ ಉತ್ತರ ಕೊಡದೆ ಎಂಎಲ್‌ಸಿ ಸಂಖ್ಯೆ, ದಿನಾಂಕ, ಸಮಯ ಬರೆದಿಟ್ಟುಕೊಂಡು ಮರುದಿನ ಬೆಳಿಗ್ಗೆಯೇ ಮೇಲಧಿಕಾರಿಗೆ ದೂರು ಮುಟ್ಟಿಸಿದೆವು.

ಯಾರಿಗೆ ಕೊಡಬೇಕು ಎನ್ನುವುದರಲ್ಲೇ ನಮ್ಮ ಕಡೆಯವರು ಹೆಚ್ಚು ಎಡವುತ್ತಾರೆ. ಕಲಬುರಗಿ ನಗರದ ಠಾಣೆಗಳು ಪೊಲೀಸ್ ಕಮಿಷನರ್ ಕೆಳಗೆ, ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಠಾಣೆಗಳು ಜಿಲ್ಲಾ ಎಸ್‌ಪಿ ಕೆಳಗೆ ಬರುತ್ತವೆ. ಎರಡು ಕಚೇರಿಯೂ ಕಲಬುರಗಿಯಲ್ಲೇ ಇರುವುದರಿಂದ ಹಳ್ಳಿಯವರು ಒಂದರ ಅರ್ಜಿಯನ್ನು ಇನ್ನೊಂದಕ್ಕೆ ಕೊಟ್ಟು ಬರುತ್ತಾರೆ. ಅದು ‘ಸರಹದ್ದು ನಮ್ಮದಲ್ಲ’ ಎಂಬ ಹಿಂಬರಹದೊಂದಿಗೆ ವಾರಗಟ್ಟಲೆ ತಿರುಗುತ್ತದೆ. ಬೀದರ, ಯಾದಗಿರಿಗಳಲ್ಲಿ ಈ ಗೊಂದಲವಿಲ್ಲ, ಅಲ್ಲಿ ಎಸ್‌ಪಿ ಒಬ್ಬರೇ. ಮೂರು ಜಿಲ್ಲೆಗಳ ಎಸ್‌ಪಿಗಳ ಮೇಲೆ ಕಲಬುರಗಿಯಲ್ಲಿ ಕೂರುವ ಈಶಾನ್ಯ ವಲಯದ ಐಜಿಪಿ ಇದ್ದಾರೆ. ನಾವು ಎಸ್‌ಪಿಗೆ ಬರೆದು ಪ್ರತಿಯನ್ನು ಐಜಿಪಿಗೆ ಕಳಿಸಿದೆವು. ಎಸ್‌ಪಿ ಕಚೇರಿಯ ಆವಕ ಶಾಖೆಯಲ್ಲಿ ನಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡೆವು. ಐಜಿಪಿಗೆ ಹೋದದ್ದು ಸ್ಪೀಡ್ ಪೋಸ್ಟ್‌ನಲ್ಲಿ. ಸೀಲಿಲ್ಲದ ಪ್ರತಿ ಕೈಯಲ್ಲಿದ್ದರೆ ಅರ್ಜಿ ಕೊಟ್ಟೇ ಇಲ್ಲ ಎಂದಂತೆ.

ದೂರು ಒಂದೂವರೆ ಪುಟ ಮೀರಬಾರದು. ನಮ್ಮದು ಮೊದಲು ಏಳು ಪುಟವಿತ್ತು. ಅದರಲ್ಲಿ ಹುಡುಗನ ಒಳ್ಳೆಯತನ, ಮನೆಯ ಪರಿಸ್ಥಿತಿ, ಊರಿನ ರಾಜಕೀಯ ಎಲ್ಲ ತುಂಬಿತ್ತು. ಅದನ್ನು ಹರಿದು, ಗಂಟೆ ಗಂಟೆಯ ಲೆಕ್ಕದಲ್ಲಿ ಮತ್ತೆ ಬರೆದೆವು. ಯಾವ ದಿನ ಎಷ್ಟು ಗಂಟೆಗೆ ಎಲ್ಲಿಂದ ಕರೆದೊಯ್ದರು, ಬಂದವರು ಎಷ್ಟು ಜನ, ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಏನಿತ್ತು, ವಾಹನ ಯಾವುದು, ಠಾಣೆಯೊಳಗೆ ಯಾವ ಕೋಣೆ, ಯಾರು ಹೊಡೆದರು, ಯಾರು ಕೂತು ನೋಡಿದರು, ಬಿಟ್ಟದ್ದು ಎಷ್ಟು ಹೊತ್ತಿಗೆ. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಬಿಡಿಸಿ ಬರೆಯಬೇಕು. ನಾನು ಹೊಡೆತ ಕಂಡಿಲ್ಲ, ಹಾಗಾಗಿ ‘ಹುಡುಗ ನನಗೆ ಹೇಳಿದಂತೆ’ ಎಂದೇ ಬರೆದೆ. ಸುಳ್ಳು ಮಾಹಿತಿ ಕೊಟ್ಟು ಸರ್ಕಾರಿ ಅಧಿಕಾರಿಯನ್ನು ತಪ್ಪು ದಾರಿಗೆ ಎಳೆದರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸಜೆಯಿದೆ. ಉತ್ಪ್ರೇಕ್ಷೆಯ ಒಂದು ವಾಕ್ಯ ಸಿಕ್ಕರೂ ಇಡೀ ದೂರನ್ನು ಆ ತಕ್ಕಡಿಯಲ್ಲಿ ಹಾಕುವವರು ಇರುತ್ತಾರೆ.

ನಿಯಮ ಎಲ್ಲಿ ಮುರಿದಿದೆ ಎಂಬುದನ್ನು ಕೊನೆಗೆ ಸೇರಿಸಿದೆವು. ವಿಚಾರಣೆಗೆ ಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಡಬೇಕು. ಬಂಧಿಸಿದರೆ 58ನೇ ಕಲಮಿನಂತೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಂತೆ ಬಂಧನದ ಮೆಮೊ ಬೇಕು, ಅದಕ್ಕೆ ಮನೆಯವರ ಇಲ್ಲವೆ ಊರಿನ ಗೌರವಸ್ಥರ ಸಾಕ್ಷಿ ಸಹಿ ಬೇಕು. ಕರೆತಂದದ್ದು ಠಾಣಾ ದಿನಚರಿಯಲ್ಲಿ ನಮೂದಾಗಬೇಕು. ಇವು ಒಂದೂ ಆಗಿರಲಿಲ್ಲ. ‘ಬಂಧನವೇ ಅಲ್ಲ, ಸುಮ್ಮನೆ ಮಾತಾಡಿಸಲು ಕರೆದಿದ್ದೆವು’ ಎನ್ನುವುದು ಠಾಣೆಯ ಮಾಮೂಲಿ ಉತ್ತರ. ಎರಡು ರಾತ್ರಿ ಮಾತಾಡಿಸಿದ್ದರೆ ದಿನಚರಿಯಲ್ಲಿ ಅದಾದರೂ ಇರಬೇಕಲ್ಲ ಎಂಬುದು ನಮ್ಮ ಪ್ರಶ್ನೆ.

ನಮ್ಮ ದೂರನ್ನು ಉಳಿಸಿದ ಸಾಲು ಹುಟ್ಟಿದ್ದು ಮೊದಲ ರಾತ್ರಿಯೇ. ಸುದ್ದಿ ತಿಳಿದು ನಾನು ಠಾಣೆಗೆ ಹೋದಾಗ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ಸಿಬ್ಬಂದಿ ಒಂದು ಉದ್ದನೆಯ ರಿಜಿಸ್ಟರ್ ನನ್ನ ಕಡೆ ಸರಿಸಿ, “ಹೆಸರು, ಊರು, ಟೈಮು, ಏನ್ ಕೆಲಸದ ಅಂತ ಬರ್‍ದು ಸಹಿ ಮಾಡ್ರಿ” ಎಂದರು. ನಾನು ರಾತ್ರಿ 9.20 ಎಂದು ಬರೆದು, ಕಾರಣದ ಕಾಲಮಿನಲ್ಲಿ ‘ಠಾಣೆಯಲ್ಲಿರುವ ಅಳಿಯನನ್ನು ನೋಡಲು’ ಎಂದು ಬರೆದು ಸಹಿ ಹಾಕಿದೆ. ಹುಡುಗನನ್ನು ನೋಡಲು ಬಿಡಲಿಲ್ಲ. “ನಾಳಿ ಬರ್‍ರಿ, ಸಾಹೇಬ್ರಿಲ್ಲ” ಎಂದರು. ಆ ಸಾಲಿನ ಮಹತ್ವ ಅಂದು ನನಗೆ ಹೊಳೆದಿರಲಿಲ್ಲ. ದೂರು ಬರೆಯುವಾಗ ನೆನಪಾಗಿ, ದಿನಾಂಕ ಮತ್ತು ಸಮಯ ಸಮೇತ ಭೇಟಿ ಪುಸ್ತಕದ ಆ ನಮೂದನ್ನು ಉಲ್ಲೇಖಿಸಿದೆ. ಠಾಣೆಗೆ ಹೋದಾಗ ಭೇಟಿ ಪುಸ್ತಕ ಮುಂದಿಟ್ಟರೆ ಕಾರಣವನ್ನು ಪೂರ್ತಿ ಬರೆಯಬೇಕು. ‘ಸ್ವಂತ ಕೆಲಸ’ ಎಂದು ಬರೆದು ಬಂದರೆ ಅದು ಯಾವುದಕ್ಕೂ ಉಪಯೋಗವಿಲ್ಲ.

ಸಿಸಿಟಿವಿಗೂ ಪ್ರತ್ಯೇಕ ಅರ್ಜಿ ಕೊಟ್ಟೆವು. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಠಾಣೆಯ ಪ್ರವೇಶ ಮತ್ತು ನಿರ್ಗಮನ ದ್ವಾರ, ಲಾಕಪ್, ಕಾರಿಡಾರ್, ಪಡಸಾಲೆ, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೋಣೆ, ಹಿತ್ತಲು, ಶೌಚಾಲಯದ ಹೊರಗೆ, ಎಲ್ಲ ಕಡೆ ಧ್ವನಿ ಸಮೇತ ದಾಖಲಿಸುವ ಕ್ಯಾಮೆರಾ ಇರಬೇಕೆಂದು ಹೇಳಿದೆ. ಚಿತ್ರೀಕರಣವನ್ನು 18 ತಿಂಗಳು ಇಡಬೇಕು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಇರಬಾರದು. ನಾವು ನಾಲ್ಕನೆಯ ದಿನವೇ, ಇಂಥ ದಿನದಿಂದ ಇಂಥ ದಿನದವರೆಗಿನ ಚಿತ್ರೀಕರಣವನ್ನು ಅಳಿಸದೆ ಕಾಯ್ದಿಡಬೇಕೆಂದು ಎಸ್‌ಪಿಗೆ ಬರೆದೆವು. ಎರಡು ತಿಂಗಳ ಮೇಲೆ ಬಂದ ಉತ್ತರ, ‘ತಾಂತ್ರಿಕ ದೋಷದಿಂದ ಆ ಅವಧಿಯ ದಾಖಲೆ ಲಭ್ಯವಿಲ್ಲ’. ನಿರಾಶೆಯಾಯಿತು. ಆದರೂ ಆ ಉತ್ತರವನ್ನು ಜೋಪಾನ ಮಾಡಿದೆವು. ನಾಲ್ಕನೆಯ ದಿನ ಕೇಳಿದ್ದಕ್ಕೆ ಇಲ್ಲವೆಂದ ಕಾಗದ, ವರ್ಷ ಬಿಟ್ಟು ಕೇಳಿದ್ದಕ್ಕೆ ಇಲ್ಲವೆಂದ ಕಾಗದಕ್ಕಿಂತ ಬಹಳ ಭಾರವಾದದ್ದು.

ಮುಂದೆ ಪ್ರಾಥಮಿಕ ವಿಚಾರಣೆ. ಎಸ್‌ಪಿ ನಮ್ಮ ಅರ್ಜಿಯನ್ನು ಒಬ್ಬ ಡಿವೈಎಸ್‌ಪಿಗೆ ಒಪ್ಪಿಸಿದರು. ಇಲ್ಲಿ ನೋಡುವುದು ಇಷ್ಟೇ: ಮೇಲ್ನೋಟಕ್ಕೆ ದುರ್ನಡತೆ ಕಾಣುತ್ತದೆಯೇ, ಇಲ್ಲವೇ. ಒಬ್ಬ ಕಾನ್‌ಸ್ಟೆಬಲ್ ಮನೆಗೆ ಬಂದು, “ಸಾಹೇಬ್ರು ಕರ್‍ದಾರ್ರಿ, ನಾಳಿ ಹನ್ನೊಂದಕ್ಕ ಬರ್ಬೇಕಂತ” ಎಂದು ಬಾಯಿಮಾತಲ್ಲಿ ಹೇಳಿ ಹೋದರು. ಲಿಖಿತ ನೋಟಿಸ್ ಕೊಡಿ ಎಂದು ಕೇಳಿದೆವು, ಕೊಟ್ಟರು. ಅದನ್ನು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ.

ಹೇಳಿಕೆ ಬರೆಸುವಾಗ ಬಹಳ ಎಚ್ಚರ ಬೇಕು. ನಾವು ಮಾತಾಡುತ್ತ ಹೋಗುತ್ತೇವೆ, ಅವರು ತಮ್ಮ ಭಾಷೆಯಲ್ಲಿ ಟೈಪ್ ಮಾಡುತ್ತ ಹೋಗುತ್ತಾರೆ, ಕೊನೆಗೆ ‘ಓದಿಸಿ ಕೇಳಿದೆ, ಸರಿ ಇದೆ’ ಎಂಬ ಸಾಲಿನ ಕೆಳಗೆ ಸಹಿ. ಹುಡುಗನ ಹೇಳಿಕೆಯ ಕೊನೆಯಲ್ಲಿ, ಅವನು ಹೇಳದೇ ಇದ್ದ ಒಂದು ವಾಕ್ಯವಿತ್ತು: ‘ಈ ವಿಷಯದಲ್ಲಿ ನನ್ನದು ಮುಂದೆ ಯಾವುದೇ ತಕರಾರು ಇರುವುದಿಲ್ಲ.’ ಇದು ಅರ್ಜಿ ವಿಚಾರಣೆಗಳಲ್ಲಿ ರೂಢಿಯಾಗಿ ಬರುವ ಸಾಲು. ಟೈಪ್ ಮಾಡುವವರಿಗೆ ದುರುದ್ದೇಶವೇ ಇರಬೇಕೆಂದಿಲ್ಲ, ಕೈ ತಾನಾಗಿ ಬರೆದುಬಿಡುತ್ತದೆ. ಆದರೆ ಆ ಒಂದು ಸಾಲಿಗೆ ದೂರು ಮುಕ್ತಾಯವಾಗುತ್ತದೆ. ಡಿವೈಎಸ್‌ಪಿಯವರಿಗೆ ಹೇಳಿದಾಗ ಅವರು ತಕರಾರಿಲ್ಲದೆ ಪುಟ ತೆಗೆಸಿ ಮತ್ತೆ ಟೈಪ್ ಮಾಡಿಸಿದರು. ಪ್ರತಿ ಪುಟವನ್ನೂ ಓದಿ, ಪ್ರತಿ ಪುಟಕ್ಕೂ ಸಹಿ ಹಾಕಬೇಕು. ಓದಲು ಬಾರದವರ ಜೊತೆ ಓದಲು ಬರುವವರೊಬ್ಬರು ಹೋಗಬೇಕು.

ರಾಜಿಗೆ ಬಂದದ್ದೂ ಈ ಹೊತ್ತಿನಲ್ಲೇ. “ಕಾಕಾ, ಆಗಿದ್ದ ಆಗಿಹೋಯ್ತು, ಬಿಡ್ರಿ. ಅವ್ರಿಗೂ ಹೆಂಡ್ರು ಮಕ್ಕಳು ಅವ. ನಾಳಿ ಹುಡುಗನ ಮ್ಯಾಲೆ ಇನ್ನೊಂದು ಕೇಸ್ ಆದ್ರ ಯಾರ್ ನೋಡ್ಬೇಕು?” ಎಂದು ಊರಿನ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಹೇಳಿದರು. ಅವರ ಕಾಳಜಿ ನಿಜವೇ ಇತ್ತು, ಹೆದರಿಕೆಯೂ ನಿಜವೇ. ದೂರುದಾರ ರಾಜಿಯಾದ ಮಾತ್ರಕ್ಕೆ ಶಿಸ್ತು ಕ್ರಮ ನಿಲ್ಲಲೇಬೇಕೆಂದು ಕಾನೂನಿಲ್ಲ, ಏಕೆಂದರೆ ಅದು ಸರ್ಕಾರ ಮತ್ತು ಅದರ ನೌಕರನ ನಡುವಿನ ವಿಷಯ. ಆದರೆ ಮೊದಲ ಸಾಕ್ಷಿಯೇ ಉಲ್ಟಾ ಹೊಡೆದರೆ ಉಳಿಯುವುದೇನು? ನಾವು ಒಪ್ಪಲಿಲ್ಲ. ಆ ಮಾತುಕತೆಯ ದಿನಾಂಕ, ಯಾರ ಮೂಲಕ ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು.

ಅಷ್ಟರಲ್ಲಿ ನಾವು ದೂರಿದ್ದ ಇಬ್ಬರು ಪೊಲೀಸರನ್ನೂ ಅಮಾನತು ಮಾಡಿದ ಸುದ್ದಿ ಬಂತು. ಬಂಧುಗಳೆಲ್ಲ ಗೆದ್ದೆವೆಂದರು. ಅಮಾನತು ಶಿಕ್ಷೆಯಲ್ಲ. ವಿಚಾರಣೆಗೆ ಅಡ್ಡಿಯಾಗದಿರಲಿ ಎಂದು ಕೆಲಸದಿಂದ ದೂರ ಇಡುವ ಏರ್ಪಾಟು, ಆ ಕಾಲದಲ್ಲಿ ಜೀವನಾಧಾರ ಭತ್ಯೆ ಸಿಗುತ್ತದೆ. 2015ರ ಅಜಯ್ ಕುಮಾರ್ ಚೌಧರಿ ತೀರ್ಪಿನಂತೆ ಮೂರು ತಿಂಗಳೊಳಗೆ ದೋಷಾರೋಪಣಾ ಪತ್ರ ಕೊಡದಿದ್ದರೆ ಅಮಾನತು ಮುಂದುವರಿಸುವಂತಿಲ್ಲ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಕೇಂದ್ರಕ್ಕೆ ಕಳಿಸುವುದು, ಬೇರೆ ಠಾಣೆಗೆ ಹಾಕುವುದು ಇವೂ ಶಿಕ್ಷೆಗಳಲ್ಲ. ಪತ್ರಿಕೆಯಲ್ಲಿ ಅಮಾನತು ಓದಿ ಸುಮ್ಮನಾದ ಎಷ್ಟೋ ದೂರುದಾರರು ಮುಂದಿನ ನೋಟಿಸಿಗೆ ಹೋಗುವುದೇ ಇಲ್ಲ. ಪ್ರಕರಣ ಸಾಯುವುದು ಅಲ್ಲಿ.

ನಮ್ಮ ರಾಜ್ಯದಲ್ಲಿ ಪೊಲೀಸರ ಶಿಸ್ತು ಕ್ರಮಕ್ಕೆ ಬೇರೆಯದೇ ನಿಯಮಗಳಿವೆ, 1965ರ ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡವಳಿ ನಿಯಮಗಳು. ಅವುಗಳ ಮೇಲೆ ಸಂವಿಧಾನದ 311ನೇ ವಿಧಿ ಇದೆ. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಆರೋಪ ತಿಳಿಸಿ, ವಾದಿಸಲು ತಕ್ಕ ಅವಕಾಶ ಕೊಡದೆ ವಜಾ ಮಾಡುವುದಾಗಲಿ ದರ್ಜೆ ಇಳಿಸುವುದಾಗಲಿ ಆಗದು. ಇದನ್ನು ದೂರುದಾರರು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಆಪಾದಿತರಿಗೆ ಒಂದು ದಾಖಲೆಯ ನಕಲು ಕೊಡದೇ ಹೋದರೂ ಮುಂದೆ ಆಡಳಿತ ನ್ಯಾಯಮಂಡಳಿಯ ಕಲಬುರಗಿ ಪೀಠದಲ್ಲೋ ಹೈಕೋರ್ಟಿನಲ್ಲೋ ಇಡೀ ಆದೇಶ ಬಿದ್ದುಹೋಗಬಹುದು. ‘ಎಷ್ಟು ಸಲ ಮುಂದೂಡುತ್ತಾರೆ’ ಎಂದು ನಾವು ಗೊಣಗಿದ ಕೆಲವು ದಿನಗಳು ಇಂಥ ನಕಲು ಕೊಡಲು ಹೋದ ದಿನಗಳು.

ಪ್ರಾಥಮಿಕ ವರದಿಯ ಮೇಲೆ ಒಬ್ಬ ಎಎಸ್‌ಐ ಮತ್ತು ಒಬ್ಬ ಕಾನ್‌ಸ್ಟೆಬಲ್‌ಗೆ ದೋಷಾರೋಪಣಾ ಪತ್ರ ಹೋಯಿತು. ಅದರಲ್ಲಿ ನಾಲ್ಕು ಭಾಗ: ಆರೋಪಗಳು, ಆರೋಪಕ್ಕೆ ಆಧಾರವಾದ ಸಂಗತಿಗಳ ವಿವರಣೆ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ದಾಖಲೆಗಳ ಪಟ್ಟಿಯಲ್ಲಿ ಇಲ್ಲದ್ದು ಸಾಮಾನ್ಯವಾಗಿ ವಿಚಾರಣೆಯಲ್ಲೂ ಇರುವುದಿಲ್ಲ. ದೂರಿನಲ್ಲಿ ದಿನಾಂಕ, ಸಮಯ ಸಮೇತ ಭೇಟಿ ಪುಸ್ತಕ ಬರೆದಿದ್ದ ಕಾರಣ ಅದು ಪಟ್ಟಿಗೆ ಬಂತು. ನಾಣ್ಯ ಇಟ್ಟು ತೆಗೆದ ಫೋಟೊಗಳನ್ನು ನಾವು ದೂರಿಗೆ ಲಗತ್ತಿಸಿರಲಿಲ್ಲ, ‘ಕೇಳಿದಾಗ ಕೊಡೋಣ’ ಎಂದು ಮೊಬೈಲಿನಲ್ಲೇ ಇಟ್ಟುಕೊಂಡಿದ್ದೆವು. ಅವು ಪಟ್ಟಿಗೆ ಬರಲಿಲ್ಲ.

ಇಲಾಖಾ ವಿಚಾರಣೆ ಬೇರೆ ಉಪವಿಭಾಗದ ಡಿವೈಎಸ್‌ಪಿ ಮುಂದೆ ನಡೆಯಿತು. ಮೇಜಿನ ಆ ಕಡೆ ವಿಚಾರಣಾಧಿಕಾರಿ, ಪಕ್ಕದಲ್ಲಿ ಟೈಪಿಸ್ಟ್, ಒಂದು ಬದಿ ಇಲಾಖೆಯ ಪರವಾದ ಮಂಡನಾಧಿಕಾರಿ, ಇನ್ನೊಂದು ಬದಿ ಆಪಾದಿತರು ಮತ್ತು ಅವರ ಸಹಾಯಕ್ಕೆ ಇಲಾಖೆಯವರೇ ಒಬ್ಬರು. ವಕೀಲರಿಗೆ ಇಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ನಮ್ಮ ಜಾಗ ಕಟಕಟೆಯಂಥ ಒಂದು ಕುರ್ಚಿ. ನಾವು ಕಕ್ಷಿದಾರರಲ್ಲ, ಇಲಾಖೆಯ ಪರ ಸಾಕ್ಷಿ ಮಾತ್ರ. ಮೊದಲೇ ಡಿವೈಎಸ್‌ಪಿ ಮುಂದೆ ಹೇಳಿದ್ದೇವಲ್ಲ, ಮತ್ತೆ ಯಾಕೆ ಎಂದು ಹುಡುಗ ಕೇಳಿದ. ಪ್ರಾಥಮಿಕ ವಿಚಾರಣೆಯ ಹೇಳಿಕೆ ಆಪಾದಿತರ ಬೆನ್ನ ಹಿಂದೆ ಪಡೆದದ್ದು. ಅವರ ಎದುರು ಮತ್ತೆ ಹೇಳಿ, ಪಾಟಿ ಸವಾಲಿಗೆ ಒಳಗಾದ ಮೇಲೆಯೇ ಅದು ಸಾಕ್ಷ್ಯ. 2013ರ ನಿರ್ಮಲಾ ಝಾಲಾ ತೀರ್ಪು ಹೇಳುವುದು ಇದನ್ನೇ. ದಾಖಲೆಯೂ ಅಷ್ಟೇ, ಸುಮ್ಮನೆ ಕಡತದಲ್ಲಿದ್ದರೆ ಆಗದು, ಅದನ್ನು ಬರೆದವರೋ ಬಲ್ಲವರೋ ಬಂದು ಗುರುತಿಸಬೇಕು ಎಂದು 2008ರ ರೂಪ್ ಸಿಂಗ್ ನೇಗಿ ತೀರ್ಪಿದೆ.

ಆಪಾದಿತರ ಕಡೆಯಿಂದ ನನಗಾದ ಪಾಟಿ ಸವಾಲು ಇಪ್ಪತ್ತು ನಿಮಿಷ.

“ನೀವು ಠಾಣೆ ಒಳಗ ಹೋಗಿಲ್ಲ ಅಲ್ರಿ?”

“ಮುಂದಿನ ಮೇಜಿನ ತನಕ ಹೋಗೀನ್ರಿ.”

“ಹುಡುಗನ್ನ ಅಲ್ಲಿ ಕಣ್ಣಾರೆ ಕಂಡೀರೇನು?”

“ಇಲ್ರಿ.”

“ಹಂಗಾದ್ರ ಅವ ಒಳಗ ಇದ್ದ ಅಂತ ಹೆಂಗ್ ಹೇಳ್ತೀರಿ?”

ಇಂಥ ಪ್ರಶ್ನೆಗೆ ಊಹೆ ಸೇರಿಸಿ ಉತ್ತರ ಕೊಟ್ಟರೆ ಕೆಟ್ಟಿತು. ನಾನು ಪುಸ್ತಕದಲ್ಲಿ ಬರೆದದ್ದನ್ನೇ ಹೇಳಿದೆ. ವಿಚಾರಣಾಧಿಕಾರಿ ಭೇಟಿ ಪುಸ್ತಕ ತೆಗೆಸಿ ಆ ಪುಟ ನನಗೆ ತೋರಿಸಿದರು. ನೀಲಿ ಶಾಯಿ, ನನ್ನ ಕೈಬರಹ, 9.20, ‘ಠಾಣೆಯಲ್ಲಿರುವ ಅಳಿಯನನ್ನು ನೋಡಲು’. ನನ್ನ ಸಾಲಿನ ಮೇಲೂ ಕೆಳಗೂ ಬೇರೆಯವರ ನಮೂದುಗಳಿದ್ದವು, ನಡುವೆ ತುರುಕಿದ್ದೆಂದು ಹೇಳುವಂತಿರಲಿಲ್ಲ. ಆ ರಾತ್ರಿ ಮೇಜಿನಲ್ಲಿದ್ದ ಸಿಬ್ಬಂದಿಯನ್ನು ಕರೆಸಿ ಕೇಳಿದಾಗ, ಬಂದವರ ಕೈಯಲ್ಲಿ ತಾವೇ ಬರೆಸಿದ್ದು ಎಂದು ಒಪ್ಪಿದರು. ಯಾರೂ ಇಲ್ಲದಿದ್ದರೆ ‘ಅಂಥವರು ಇಲ್ಲಿಲ್ಲ’ ಎಂದು ಅಂದೇ ಹೇಳಿ ಕಳಿಸಬೇಕಿತ್ತಲ್ಲ ಎಂಬ ಮಂಡನಾಧಿಕಾರಿಯ ಪ್ರಶ್ನೆಗೆ ಆ ಕಡೆಯಿಂದ ಉತ್ತರ ಬರಲಿಲ್ಲ. ಇಲಾಖಾ ವಿಚಾರಣೆಯಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತ ಪುರಾವೆ ಬೇಕಿಲ್ಲ. ಯಾವ ಸಂಗತಿ ಹೆಚ್ಚು ಸಂಭವನೀಯ ಎಂಬುದಷ್ಟೇ ಅಳತೆ, ಸಾಕ್ಷ್ಯ ಕಾಯ್ದೆಯೂ ಅಕ್ಷರಶಃ ಅನ್ವಯಿಸುವುದಿಲ್ಲ. ಆ ಅಳತೆಗೆ ಒಂದು ಸಾಲು ಸಾಕಾಯಿತು.

ಹುಡುಗನ ಸರದಿ ಹೀಗಿರಲಿಲ್ಲ. ಅವನ ಮುಂದೆ ತಾಲೂಕು ಆಸ್ಪತ್ರೆಯ ಚೀಟಿ ಹಿಡಿದರು. “ಬೈಕಿನಿಂದ ಬಿದ್ದೆ ಅಂತ ನೀನೇ ಬರ್ಸೀದಿ?” ಅವನು ಹೌದೆಂದ. ಹೆದರಿ ಹೇಳಿದೆ ಎಂದು ಸೇರಿಸಿದ, ಟೈಪ್ ಆಯಿತು. ಯಾರು ಹೆದರಿಸಿದರು, ಯಾವ ಮಾತಿನಿಂದ ಎಂದು ಕೇಳಿದಾಗ ತಡವರಿಸಿದ. ಇದನ್ನು ನಾವು ದೂರಿನಲ್ಲೇ ಬರೆದು, ಮೊದಲ ಚೀಟಿಯನ್ನು ನಾವಾಗಿಯೇ ಲಗತ್ತಿಸಿ, ಕಾರಣ ವಿವರಿಸಿದ್ದರೆ ಅದು ಅವರ ಕೈಯ ಅಸ್ತ್ರವಾಗುತ್ತಿರಲಿಲ್ಲ. ನಮಗೆ ವಿರುದ್ಧವಾದ ಕಾಗದವನ್ನು ಮುಚ್ಚಿಟ್ಟದ್ದು ನಮ್ಮದೇ ತಪ್ಪು.

ವಿಚಾರಣಾ ವರದಿಯ ನಕಲು ಆಪಾದಿತರಿಗೆ ಹೋಗುತ್ತದೆ, ಶಿಕ್ಷೆಗೆ ಮೊದಲು ಅದರ ಮೇಲೆ ಅವರು ಉತ್ತರ ಕೊಡಬಹುದು. 1993ರ ಕರುಣಾಕರ್ ತೀರ್ಪಿನ ಮೇಲೆ ಇದು ಕಡ್ಡಾಯ. ದೂರುದಾರರಿಗೆ ಯಾರೂ ಏನೂ ಕಳಿಸುವುದಿಲ್ಲ. ಫಲಿತಾಂಶ ತಿಳಿಯಲು ನಾವು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಉತ್ತರಕ್ಕೆ 30 ದಿನ. ಮೊದಲ ಅರ್ಜಿಯಲ್ಲಿ ಆ ಇಬ್ಬರ ಶಿಕ್ಷೆಯ ಆದೇಶದ ಪ್ರತಿ ಕೇಳಿದೆವು, ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಿದರು. 2012ರ ಗಿರೀಶ್ ದೇಶಪಾಂಡೆ ತೀರ್ಪಿನಲ್ಲಿ ನೌಕರನ ಮೆಮೊ, ಶಿಕ್ಷೆಗಳನ್ನು ಹಾಗೆಂದೇ ಹೇಳಿದೆ. ಎರಡನೆಯದರಲ್ಲಿ ಮಾತು ಬದಲಿಸಿ, ‘ಇಂಥ ಆವಕ ಸಂಖ್ಯೆಯ ನನ್ನ ದೂರಿನ ಮೇಲೆ ಕೈಗೊಂಡ ಕ್ರಮ ತಿಳಿಸಿ’ ಎಂದು ಕೇಳಿದೆವು. ಉತ್ತರ ಬಂತು. ಅದೇ ಹೊತ್ತಿಗೆ ನನ್ನ ಸಹಿ ಇರುವ ಭೇಟಿ ಪುಸ್ತಕದ ಪುಟಕ್ಕೂ ಬೇರೆ ಅರ್ಜಿ ಹಾಕಿ ದೃಢೀಕೃತ ನಕಲು ಪಡೆದೆವು.

ಕ್ರಮದ ಬಗ್ಗೆ ಬಂದ ಉತ್ತರ ಇದು: ದಾಖಲೆಯಿಲ್ಲದೆ ಎರಡು ರಾತ್ರಿ ಇಟ್ಟುಕೊಂಡದ್ದು ಸಾಬೀತು. ಹೊಡೆತ ಸಾಬೀತಾಗಿಲ್ಲ. ಎಎಸ್‌ಐಗೆ ಎರಡು ವಾರ್ಷಿಕ ವೇತನ ಬಡ್ತಿ ತಡೆ, ಸಂಚಿತ ಪರಿಣಾಮವಿಲ್ಲದೆ. ಕಾನ್‌ಸ್ಟೆಬಲ್‌ಗೆ ವಾಗ್ದಂಡನೆ. ಸಂಚಿತ ಪರಿಣಾಮವಿಲ್ಲದೆ ಎಂದರೆ ಆ ಅವಧಿ ಮುಗಿದ ಮೇಲೆ ಸಂಬಳ ತಡೆಯಿಲ್ಲದಿದ್ದರೆ ಇರುತ್ತಿದ್ದ ಮಟ್ಟಕ್ಕೆ ಏರಿಬಿಡುತ್ತದೆ. ಸಂಚಿತ ಪರಿಣಾಮ ಸಹಿತ ಎಂದಿದ್ದರೆ ನಷ್ಟ ಸೇವೆಯುದ್ದಕ್ಕೂ ಉಳಿದು, ಪಿಂಚಣಿಯನ್ನೂ ತಟ್ಟುತ್ತದೆ. ಅದಕ್ಕೇ ಅದು ದೊಡ್ಡ ಶಿಕ್ಷೆಗಳ ಸಾಲಿಗೆ ಸೇರುತ್ತದೆ. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆಯುವುದು, ವಜಾ ಇವು ಅದಕ್ಕೂ ಮೇಲಿನವು. ನಮಗೆ ಇದು ಕಡಿಮೆ ಎನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಶಿಕ್ಷೆಯ ಮೇಲೆ ಮೇಲ್ಮನವಿ ಹೋಗುವ ಹಕ್ಕಿರುವುದು ಶಿಕ್ಷೆಗೊಳಗಾದವರಿಗೆ.

ಬೇರೆ ದಾರಿಗಳು ಇಲಾಖಾ ವಿಚಾರಣೆಗೆ ಕಾಯುವುದಿಲ್ಲ. ಲಂಚ ಕೇಳಿದ್ದರೆ ಲೋಕಾಯುಕ್ತ ಪೊಲೀಸರು, ಕೊಡುವುದಕ್ಕೆ ಮೊದಲೇ. ಕ್ರಿಮಿನಲ್ ಕ್ರಮಕ್ಕೆ ಎಸ್‌ಪಿಗೆ ಬರೆದು, ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ. ಅಲ್ಲಿ ಪೊಲೀಸರ ಮೇಲೆ ಮೊಕದ್ದಮೆ ನಡೆಸಲು ಬೇಕಾದ ಸರ್ಕಾರದ ಪೂರ್ವಾನುಮತಿಯ ಗೋಡೆ ದೊಡ್ಡದು. ಕರ್ತವ್ಯಕ್ಕೆ ತಕ್ಕಷ್ಟು ಸಂಬಂಧವಿದ್ದರೆ, ಮಿತಿ ಮೀರಿ ನಡೆದುಕೊಂಡಿದ್ದರೂ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನ ರಕ್ಷಣೆ ಸಿಗುತ್ತದೆ ಎಂದು 2020ರಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರಿಗೆ ಹಣವಿಲ್ಲದವರು ನ್ಯಾಯಾಲಯದ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಸಹಾಯವಾಣಿ 15100.

ನಾವು ಹಿಡಿದದ್ದು ರಾಜ್ಯ ಮಾನವ ಹಕ್ಕುಗಳ ಆಯೋಗದ ದಾರಿ. ಘಟನೆಯಾದ ಒಂದು ವರ್ಷದೊಳಗೆ ದೂರು ಮುಟ್ಟಬೇಕು, ಶುಲ್ಕವಿಲ್ಲ. ರಾಷ್ಟ್ರೀಯ ಆಯೋಗಕ್ಕೂ ರಾಜ್ಯ ಆಯೋಗಕ್ಕೂ ಎರಡೂ ಕಡೆ ಹಾಕಬಾರದು, ಒಂದರ ಮುಂದಿರುವುದನ್ನು ಇನ್ನೊಂದು ಕೈಗೆತ್ತಿಕೊಳ್ಳುವುದಿಲ್ಲ. ಇಲಾಖೆಯ ಆದೇಶಕ್ಕೆ ಕಾಯದೆ ಐದನೆಯ ತಿಂಗಳಲ್ಲೇ ಹಾಕಿದ್ದು ಒಳ್ಳೆಯದಾಯಿತು. ಕಾದಿದ್ದರೆ ಅವಧಿ ಮೀರುತ್ತಿತ್ತು. ಆಯೋಗ ಪರಿಹಾರಕ್ಕೂ ಕ್ರಮಕ್ಕೂ ಸರ್ಕಾರಕ್ಕೆ ಶಿಫಾರಸು ಮಾಡಬಲ್ಲದು. ಕಳೆದ ವಾರ ಎಂಎಲ್‌ಸಿಯ ನಕಲು, ನಾಣ್ಯವಿಟ್ಟ ಫೋಟೊಗಳು, ಸಿಸಿಟಿವಿ ಇಲ್ಲವೆಂದ ಪತ್ರ, ಭೇಟಿ ಪುಸ್ತಕದ ಪುಟ ಎಲ್ಲವನ್ನೂ ಸೇರಿಸಿ ಕಳಿಸಿದೆವು. ಈ ಸಲ ತಾಲೂಕು ಆಸ್ಪತ್ರೆಯ ಚೀಟಿಯನ್ನು ಎಲ್ಲಕ್ಕಿಂತ ಮೇಲಿಟ್ಟು, ಅಂದು ಬೆಳಿಗ್ಗೆ ‘ಬಿದ್ದೆ’ ಎಂದು ಯಾಕೆ ಹೇಳಿದೆ, ಠಾಣೆಯ ಮೆಟ್ಟಿಲಿಳಿಯುವಾಗ ಯಾರು ಏನೆಂದರು ಎಂಬುದನ್ನು ಹುಡುಗ ತನ್ನ ಕೈಬರಹದಲ್ಲೇ ಒಂದು ಪುಟ ಬರೆದು ಲಗತ್ತಿಸಿದ್ದಾನೆ.